ತೆರಿಗೆಯ ತಕರಾರು ಸ್ವಾತಂತ್ರ್ಯದ ಘೋಷಣೆಯಾದದ್ದು ಹೇಗೆ? ಅಮೆರಿಕದ ಹದಿಮೂರು ವಸಾಹತುಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

1763ರಲ್ಲಿ ಫ್ರಾನ್ಸಿನ ಮೇಲೆ ಗೆಲುವು ದೊರೆತಾಗ ಅಮೆರಿಕದ ವಸಾಹತಿಗರು ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್‌ನ ಪ್ರಜೆಗಳೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. 1776ರ ಜುಲೈ 9ರಂದು ನ್ಯೂಯಾರ್ಕಿನ ಜನ ಅದೇ ದೊರೆಯ ಸೀಸದ ಪ್ರತಿಮೆಯನ್ನು ಹಗ್ಗ ಕಟ್ಟಿ ಉರುಳಿಸಿದರು. ಆ ಸೀಸದ ಬಹುಪಾಲು ಕರಗಿ ಬಂದೂಕಿನ ಗುಂಡುಗಳಾಯಿತು. ನಡುವಿನ ಹದಿಮೂರು ವರ್ಷಗಳಲ್ಲಿ ನಡೆದದ್ದೇನು ಎಂಬುದರ ಬಗ್ಗೆ ವಿದ್ಯಾರ್ಥಿಗಳೂ ಇತಿಹಾಸಾಸಕ್ತರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

1763ಕ್ಕೆ ಮೊದಲು ವಸಾಹತಿಗರು ತೆರಿಗೆಯನ್ನೇ ಕೊಡುತ್ತಿರಲಿಲ್ಲವೆ?

ಕೊಡುತ್ತಿದ್ದರು. ಆದರೆ ಅದು ಅವರವರ ಶಾಸನಸಭೆಗಳು ಹಾಕಿದ ತೆರಿಗೆಯಾಗಿತ್ತು. ವರ್ಜೀನಿಯಾದಲ್ಲಿ ಚುನಾಯಿತ ಸಭೆ 1619ರಷ್ಟು ಹಿಂದೆಯೇ ಸೇರಿತ್ತು. ಉಳಿದ ವಸಾಹತುಗಳಲ್ಲಿಯೂ ಒಂದೊಂದಾಗಿ ಇಂಥ ಸಭೆಗಳು ಬೇರೂರಿದವು. ಯುದ್ಧದ ಕಾಲದಲ್ಲಿ ದೊರೆಗೆ ಹಣವೋ ಆಳೋ ಬೇಕಾದರೆ ಗವರ್ನರನ ಮೂಲಕ ಕೋರಿಕೆ ಬರುತ್ತಿತ್ತು, ಸಭೆ ಅದನ್ನು ಚರ್ಚಿಸಿ ತಾನು ಕೊಡುವುದೆಷ್ಟು ಎಂದು ಗೊತ್ತುಮಾಡುತ್ತಿತ್ತು. ಅನೇಕ ಕಡೆ ಗವರ್ನರನ ಸಂಬಳವೂ ಈ ಸಭೆಯ ಕೈಯಿಂದಲೇ ಬರಬೇಕಿತ್ತು. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಜಗಳ ಹೊತ್ತಿಕೊಂಡದ್ದು ಇಲ್ಲಿಯೇ: ಅಧಿಕಾರಿಗೆ ಅನ್ನ ಹಾಕುವವರು ಯಾರೋ ಅವರ ಮಾತಿಗೆ ಅವನು ತುಸುವಾದರೂ ಕಿವಿಗೊಡಬೇಕಾಗುತ್ತದೆ.

ಕಡಲ ವ್ಯಾಪಾರದ ಮೇಲೆ ಬ್ರಿಟಿಷ್ ಪಾರ್ಲಿಮೆಂಟು ಹಾಕಿದ ಸುಂಕಗಳೂ ಇದ್ದವು. 1733ರ ಕಾಯ್ದೆಯೊಂದು ಕೆರಿಬಿಯನ್ ಸಮುದ್ರದ ಬ್ರಿಟಿಷೇತರ ದ್ವೀಪಗಳಿಂದ ಬರುವ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಗೊತ್ತುಮಾಡಿತ್ತು. ಆ ದರದಲ್ಲಿ ಸುಂಕ ತೆತ್ತರೆ ನ್ಯೂ ಇಂಗ್ಲೆಂಡ್ ಎಂಬ ಉತ್ತರದ ವಸಾಹತುಗಳಲ್ಲಿ ಕಾಕಂಬಿಯಿಂದ ರಮ್ ಇಳಿಸುತ್ತಿದ್ದ ಬಟ್ಟಿಗಳು ಮುಚ್ಚಬೇಕಾಗುತ್ತಿದ್ದುದರಿಂದ ಕಳ್ಳಸಾಗಣೆ ನಡೆಯಿತು, ಸುಂಕದ ಅಧಿಕಾರಿಗಳು ಲಂಚ ಪಡೆದು ಸುಮ್ಮನಿದ್ದರು. ಕಾಯ್ದೆ ಕಾಗದದ ಮೇಲೆ ಉಳಿಯಿತು.

ಬ್ರಿಟನ್ನಿಗೆ ಇದ್ದಕ್ಕಿದ್ದಂತೆ ಅಷ್ಟು ಹಣ ಏಕೆ ಬೇಕಾಯಿತು?

ಫ್ರಾನ್ಸಿನೊಂದಿಗಿನ ಏಳು ವರ್ಷಗಳ ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸಾಲ 12 ಕೋಟಿ ಪೌಂಡುಗಳನ್ನು ದಾಟಿತ್ತು. ವರ್ಷದ ಬಡ್ಡಿಯೇ 40 ಲಕ್ಷ ಪೌಂಡಿಗೆ ಮಿಕ್ಕಿತ್ತು. ಫ್ರೆಂಚರಿಂದ ಗೆದ್ದ ಕೆನಡಾ ಮತ್ತು ಒಳನಾಡಿನ ಕಾವಲಿಗೆಂದು ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇರಿಸಲು ಸರ್ಕಾರ ನಿರ್ಧರಿಸಿತು. ಇಂಗ್ಲೆಂಡಿನ ಜನರ ಮೇಲೆ ಆಗಲೇ ಭಾರೀ ತೆರಿಗೆಯಿತ್ತು. 1763ರಲ್ಲಿ ಸೇಬಿನ ಮದ್ಯದ ಮೇಲೆ ಹೊಸ ತೆರಿಗೆ ಹಾಕಿದಾಗ ಅಲ್ಲಿಯೇ ದಂಗೆಗಳಾದವು. ಅಮೆರಿಕದ ರಕ್ಷಣೆಯ ವೆಚ್ಚದಲ್ಲಿ ಒಂದು ಪಾಲನ್ನು ಅಮೆರಿಕದವರೇ ಹೊರಲಿ ಎಂದು ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಯೋಚಿಸಿದ್ದರಲ್ಲಿ ಲೆಕ್ಕದ ದೃಷ್ಟಿಯಿಂದ ತಪ್ಪೇನೂ ಕಾಣುವುದಿಲ್ಲ. ಬ್ರಿಟನ್ನಿನ ಪ್ರಜೆಯೊಬ್ಬ ತೆರುತ್ತಿದ್ದ ತೆರಿಗೆ ವಸಾಹತಿಗನೊಬ್ಬ ತೆರುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಈ ಕಥೆಯನ್ನು ಕೇವಲ ದುಷ್ಟ ದೊರೆಯ ದುರಾಸೆಯೆಂದು ಹೇಳುವವರು ಈ ಸಂಗತಿಯನ್ನು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ.

1764ರ ಸಕ್ಕರೆ ಕಾಯ್ದೆ ಸುಂಕವನ್ನು ಇಳಿಸಿತು ಎನ್ನುತ್ತಾರೆ. ಹಾಗಾದರೆ ಕೋಪ ಬಂದದ್ದೇಕೆ?

ಕಾಕಂಬಿಯ ಸುಂಕ 6 ಪೆನ್ಸಿನಿಂದ 3 ಪೆನ್ಸಿಗೆ ಇಳಿದದ್ದು ನಿಜ. ಆದರೆ ಹಿಂದಿನ ಸುಂಕ ವಸೂಲಿಯಾಗುತ್ತಿರಲಿಲ್ಲ, ಈ ಸುಂಕವನ್ನು ವಸೂಲಿ ಮಾಡುವ ಉದ್ದೇಶವಿತ್ತು. ಹಡಗಿನ ಯಜಮಾನರು ಕಂತೆಗಟ್ಟಲೆ ಕಾಗದಪತ್ರ ಹೊಂದಿರಬೇಕಾಯಿತು. ಒಂದು ದಾಖಲೆ ತಪ್ಪಿದರೂ ಸರಕು ಜಪ್ತಿಯಾಗಬಹುದಿತ್ತು. ಇಂಥ ಮೊಕದ್ದಮೆಗಳನ್ನು ಜ್ಯೂರಿಯಿಲ್ಲದ ನೌಕಾ ನ್ಯಾಯಾಲಯಗಳಿಗೆ ಒಯ್ಯಲು ಅವಕಾಶವಿತ್ತು, ಅಲ್ಲಿ ತಾನು ನಿರಪರಾಧಿಯೆಂದು ತೋರಿಸುವ ಹೊಣೆ ಸರಕಿನ ಒಡೆಯನ ಮೇಲೆಯೇ ಬೀಳುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂಬುದು ನಮ್ಮಲ್ಲೂ ಹಳೆಯ ಅನುಭವ. ಅಲ್ಲಿ ನ್ಯಾಯಾಧೀಶನ ಮುಂದೆಯೂ ಅದೇ ಸ್ಥಿತಿಯಾಯಿತು. ಅದೇ ವರ್ಷದ ಮತ್ತೊಂದು ಕಾಯ್ದೆ ವಸಾಹತುಗಳು ಕಡ್ಡಾಯ ಚಲಾವಣೆಯ ಕಾಗದದ ಹಣ ಹೊರಡಿಸುವುದನ್ನು ತಡೆಯಿತು. ಯುದ್ಧಾನಂತರದ ಮುಗ್ಗಟ್ಟಿನಲ್ಲಿ ನಾಣ್ಯವೇ ಸಿಗದಿದ್ದಾಗ ಇದು ವರ್ತಕರಿಗೂ ಸಾಲಗಾರರಿಗೂ ದೊಡ್ಡ ಪೆಟ್ಟಾಯಿತು.

ಸ್ಟ್ಯಾಂಪ್ ಕಾಯ್ದೆಯಲ್ಲಿ ಅಂಥದ್ದೇನಿತ್ತು?

1765ರ ಮಾರ್ಚ್ 22ರಂದು ಅಂಗೀಕಾರ ಪಡೆದು ನವೆಂಬರ್ 1ರಿಂದ ಜಾರಿಗೆ ಬರಬೇಕಿದ್ದ ಈ ಕಾಯ್ದೆಯ ಪ್ರಕಾರ ನ್ಯಾಯಾಲಯದ ಕಾಗದ, ಜಮೀನಿನ ಪತ್ರ, ಉಯಿಲು, ಹಡಗಿನ ದಾಖಲೆ, ಮದ್ಯದಂಗಡಿಯ ಪರವಾನಗಿ, ಪತ್ರಿಕೆ, ಪಂಚಾಂಗ, ಕಾಲೇಜಿನ ಪದವಿಪತ್ರ, ಇಸ್ಪೀಟು ಎಲ್ಲವೂ ಸರ್ಕಾರದ ಮುದ್ರೆಯೊತ್ತಿದ ಛಾಪಾ ಕಾಗದದ ಮೇಲೆಯೇ ಇರಬೇಕಿತ್ತು, ಇಲ್ಲವೆ ಮುದ್ರೆಗೆ ಹಣ ತೆತ್ತಿರಬೇಕಿತ್ತು. ದಾಳಗಳನ್ನೂ ಬಿಟ್ಟಿರಲಿಲ್ಲ. ತೆರಿಗೆಯನ್ನು ಸಲ್ಲಿಸಬೇಕಾದದ್ದು ಬ್ರಿಟಿಷ್ ಸ್ಟರ್ಲಿಂಗ್ ಲೆಕ್ಕದಲ್ಲಿ. ಇಂಗ್ಲೆಂಡಿನಲ್ಲಿ ಇಂಥ ಛಾಪಾ ತೆರಿಗೆ 1694ರಿಂದಲೂ ಇದ್ದುದರಿಂದ ಲಂಡನ್ನಿನ ಮಂತ್ರಿಗಳಿಗೆ ಇದೊಂದು ಸಾಮಾನ್ಯ ಕ್ರಮವೆನಿಸಿತು.

ಸಕ್ಕರೆ ಕಾಯ್ದೆ ರೇವುಪಟ್ಟಣಗಳ ವರ್ತಕರನ್ನು ಮುಟ್ಟಿತ್ತು. ಸ್ಟ್ಯಾಂಪ್ ಕಾಯ್ದೆ ಮದುವೆ, ಸಾವು, ಕ್ರಯ, ವ್ಯಾಜ್ಯ ಎಲ್ಲದರ ನಡುವೆಯೂ ಕೈಯಿಟ್ಟಿತು. ಅದಕ್ಕಿಂತ ಹೆಚ್ಚಾಗಿ, ಮಾತು ಬಲ್ಲವರನ್ನೂ ಮಾತು ಹರಡುವವರನ್ನೂ ಒಂದೇ ಏಟಿಗೆ ಎದುರುಹಾಕಿಕೊಂಡಿತು: ವಕೀಲರು, ಮುದ್ರಕರು, ಪತ್ರಿಕೆಯ ಸಂಪಾದಕರು, ಹೆಂಡದಂಗಡಿಯವರು. ಒಂದು ಸರ್ಕಾರ ತನ್ನ ವಿರುದ್ಧ ಜನಾಭಿಪ್ರಾಯ ಕಟ್ಟುವ ಸಾಮರ್ಥ್ಯವುಳ್ಳವರನ್ನೆಲ್ಲ ಹೀಗೆ ಒಟ್ಟುಗೂಡಿಸಿದ ಬೇರೆ ನಿದರ್ಶನ ನನಗೆ ಸುಲಭವಾಗಿ ನೆನಪಾಗುವುದಿಲ್ಲ.

ಮೇ ತಿಂಗಳಿನಲ್ಲಿ ವರ್ಜೀನಿಯಾದ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ತರುಣ ವಕೀಲ ಕಟುವಾದ ನಿರ್ಣಯಗಳನ್ನು ಮಂಡಿಸಿದನು. ಆಗಸ್ಟ್ 14ರಂದು ಬಾಸ್ಟನ್ನಿನಲ್ಲಿ ಸ್ಟ್ಯಾಂಪ್ ವಿತರಕನಾಗಿ ನೇಮಕಗೊಂಡಿದ್ದ ಆಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ಎಲ್ಮ್ ಮರವೊಂದಕ್ಕೆ ನೇತುಹಾಕಲಾಯಿತು. ಅವನು ಹೆದರಿ ಹುದ್ದೆಯನ್ನು ತೊರೆದನು. ಹನ್ನೆರಡು ದಿನಗಳ ನಂತರ ಗುಂಪೊಂದು ಉಪಗವರ್ನರ್ ಥಾಮಸ್ ಹಚಿನ್ಸನ್‌ನ ಮನೆಯನ್ನು ಲೂಟಿ ಮಾಡಿತು. ನವೆಂಬರ್ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ವಿತರಕರೂ ರಾಜೀನಾಮೆ ಕೊಟ್ಟಿದ್ದರು. ಹದಿಮೂರು ವಸಾಹತುಗಳ ಪೈಕಿ ಜಾರ್ಜಿಯಾದಲ್ಲಿ ಮಾತ್ರ ಒಂದಿಷ್ಟು ಛಾಪಾ ಕಾಗದ ಮಾರಾಟವಾಯಿತು.

‘ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ’ ಎಂದರೆ ಪಾರ್ಲಿಮೆಂಟಿನಲ್ಲಿ ಸ್ಥಾನ ಕೊಡಿ ಎಂದರ್ಥವೆ?

ಬಹಳ ಜನ ಹಾಗೆಂದುಕೊಳ್ಳುತ್ತಾರೆ, ಆದರೆ ವಸಾಹತಿಗರಲ್ಲಿ ಹೆಚ್ಚಿನವರು ಅದನ್ನು ಬಯಸಲಿಲ್ಲ. 1765ರ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಹೊರಡಿಸಿದ ಹಕ್ಕೊತ್ತಾಯದಲ್ಲಿ, ತಮಗೆ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಪ್ರಾತಿನಿಧ್ಯವಿಲ್ಲ ಮತ್ತು ತಾವಿರುವ ಸ್ಥಿತಿಯಲ್ಲಿ ಅದು ಸಾಧ್ಯವೂ ಇಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದರು. ಸಾಗರ ದಾಟಲು ವಾರಗಟ್ಟಲೆ ಹಿಡಿಯುತ್ತಿದ್ದ ಕಾಲವದು. ಅಲ್ಲಿ ನಾಲ್ಕಾರು ಸ್ಥಾನ ಸಿಕ್ಕರೂ ನೂರಾರು ಸದಸ್ಯರ ನಡುವೆ ಅವು ಲೆಕ್ಕಕ್ಕೆ ಬರುತ್ತಿರಲಿಲ್ಲ, ತೆರಿಗೆಗೆ ಒಪ್ಪಿಗೆ ಕೊಟ್ಟ ಅಪವಾದವಷ್ಟೇ ತಲೆಗೆ ಬರುತ್ತಿತ್ತು. ತಮ್ಮ ಮೇಲೆ ತೆರಿಗೆ ಹಾಕುವ ಅಧಿಕಾರ ತಮ್ಮ ಶಾಸನಸಭೆಗಳದ್ದೇ ಎಂಬುದು ಅವರ ವಾದದ ತಿರುಳು. ಇಂಗ್ಲೆಂಡಿನ ಹಳೆಯ ನಂಬಿಕೆಯಂತೆ ತೆರಿಗೆಯೆಂಬುದು ಪ್ರಜೆಗಳು ತಮ್ಮ ಸ್ವತ್ತಿನಿಂದ ದೊರೆಗೆ ಒಪ್ಪಿ ಕೊಡುವ ಕೊಡುಗೆ. ಒಬ್ಬನ ಸ್ವತ್ತನ್ನು ಇನ್ನೊಬ್ಬ ಕೊಡುಗೆಯಾಗಿ ಕೊಡಲಾರನು.

ಬ್ರಿಟಿಷ್ ಸರ್ಕಾರದ ಪರವಾಗಿ ಥಾಮಸ್ ವಾಟ್ಲಿ ಮೊದಲಾದವರು ಪರೋಕ್ಷ ಪ್ರಾತಿನಿಧ್ಯದ ವಾದ ಹೂಡಿದರು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳೂ ತಮ್ಮದೇ ಸದಸ್ಯರನ್ನು ಕಳುಹಿಸುತ್ತಿಲ್ಲ, ಆದರೂ ಪಾರ್ಲಿಮೆಂಟಿನ ಪ್ರತಿ ಸದಸ್ಯನೂ ಇಡೀ ಸಾಮ್ರಾಜ್ಯದ ಹಿತ ಕಾಯುತ್ತಾನೆ ಎಂಬುದು ಅವರ ನಿಲುವು. ಮೇರಿಲ್ಯಾಂಡಿನ ವಕೀಲ ಡೇನಿಯಲ್ ಡುಲಾನಿ ಇದಕ್ಕೆ ಗಟ್ಟಿಯಾದ ಉತ್ತರ ಕೊಟ್ಟನು: ಮತವಿಲ್ಲದ ಇಂಗ್ಲಿಷಿನವನ ಮೇಲೆ ಬೀಳುವ ತೆರಿಗೆ ಮತವಿರುವ ಅವನ ನೆರೆಯವನ ಮೇಲೂ ಬೀಳುತ್ತದೆ, ಆದ್ದರಿಂದ ಇಬ್ಬರ ಹಿತವೂ ಒಂದೇ, ಅಮೆರಿಕದ ಮೇಲೆ ತೆರಿಗೆ ಹಾಕಿದಾಗಲಾದರೋ ಹಾಕಿದವನ ಹೊರೆ ಇಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿವಾದದ ಅತ್ಯಂತ ಬಲವಾದ ತರ್ಕ ಇದೇ. ಮುಂದೆ ಸ್ವತಃ ಡುಲಾನಿ ಕ್ರಾಂತಿಯನ್ನು ಬೆಂಬಲಿಸಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ತೆರಿಗೆಯನ್ನು ವಿರೋಧಿಸಿದವರೆಲ್ಲ ಸ್ವಾತಂತ್ರ್ಯ ಬಯಸಿದವರಾಗಿರಲಿಲ್ಲ.

1766ರಲ್ಲಿ ಕಾಯ್ದೆ ರದ್ದಾಯಿತಲ್ಲ, ವಿಷಯ ಅಲ್ಲಿಗೇ ಮುಗಿಯಬೇಕಿತ್ತಲ್ಲವೆ?

ಮುಗಿಯಬಹುದಿತ್ತು. ವಸಾಹತಿಗರು ಬ್ರಿಟಿಷ್ ಸರಕನ್ನು ತರಿಸುವುದನ್ನು ನಿಲ್ಲಿಸಿದ್ದರಿಂದ ಇಂಗ್ಲೆಂಡಿನ ವರ್ತಕರೇ ಪಾರ್ಲಿಮೆಂಟಿಗೆ ಮೊರೆಯಿಟ್ಟರು, ಪೆನ್ಸಿಲ್ವೇನಿಯಾದ ಪ್ರತಿನಿಧಿಯಾಗಿ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಕಾಮನ್ಸ್ ಸಭೆಯ ಮುಂದೆ ಸಾಕ್ಷ್ಯ ನುಡಿದನು, ಮಾರ್ಚ್ 18ರಂದು ಕಾಯ್ದೆ ರದ್ದಾಯಿತು. ಆದರೆ ಅದೇ ದಿನ ಮತ್ತೊಂದು ಕಾಯ್ದೆಯೂ ಹೊರಬಿತ್ತು. ವಸಾಹತುಗಳನ್ನು ಬಂಧಿಸುವಂಥ ಶಾಸನವನ್ನು ಯಾವುದೇ ವಿಷಯದಲ್ಲಿ ಬೇಕಾದರೂ ಮಾಡುವ ಪೂರ್ಣ ಅಧಿಕಾರ ಪಾರ್ಲಿಮೆಂಟಿಗಿದೆ ಎಂದು ಅದು ಸಾರಿತು. ಹಣವನ್ನು ಬಿಟ್ಟುಕೊಟ್ಟು ಹಕ್ಕನ್ನು ಉಳಿಸಿಕೊಂಡ ಈ ಕ್ರಮ ಆಗ ಜಾಣತನವೆನಿಸಿರಬೇಕು. ವಿಜಯದ ಸಂಭ್ರಮದಲ್ಲಿ ವಸಾಹತಿಗರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮುಂದಿನ ಹತ್ತು ವರ್ಷಗಳ ಪ್ರತಿ ಬಿಕ್ಕಟ್ಟಿನಲ್ಲಿಯೂ ಈ ಒಂದು ವಾಕ್ಯವೇ ಮತ್ತೆ ಮತ್ತೆ ಎದ್ದುಬಂತು.

ಟೌನ್‌ಶೆಂಡ್ ಸುಂಕಗಳು ಯಾವುವು? ಬಹಿಷ್ಕಾರ ಹೇಗೆ ನಡೆಯಿತು?

ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ರೇವಿನಲ್ಲಿ ಕೊಡಬೇಕಾದ ಸುಂಕ ಹಾಕಿದನು. ಒಳನಾಡಿನ ತೆರಿಗೆಗೆ ಮಾತ್ರ ವಸಾಹತಿಗರ ಆಕ್ಷೇಪವಿದೆ, ಕಡಲ ಸುಂಕಕ್ಕಿಲ್ಲ ಎಂಬುದು ಅವನ ಎಣಿಕೆ. ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ ರೈತನೊಬ್ಬನ ಹೆಸರಿನಲ್ಲಿ ಬರೆದ ಹನ್ನೆರಡು ಪತ್ರಗಳು ಈ ಭೇದವನ್ನು ತಳ್ಳಿಹಾಕಿದವು: ವ್ಯಾಪಾರವನ್ನು ಕ್ರಮಪಡಿಸಲು ಹಾಕುವ ಸುಂಕ ಬೇರೆ, ಹಣ ಎತ್ತಲೆಂದೇ ಹಾಕುವ ಸುಂಕ ಬೇರೆ, ಎರಡನೆಯದು ಎಲ್ಲಿ ವಸೂಲಾದರೂ ತೆರಿಗೆಯೇ.

ಸುಂಕದ ಮೊತ್ತಕ್ಕಿಂತ ಅದರ ವಿನಿಯೋಗ ಹೆಚ್ಚು ಕಳವಳ ಹುಟ್ಟಿಸಿತು. ಈ ಹಣದಿಂದ ಗವರ್ನರರಿಗೂ ನ್ಯಾಯಾಧೀಶರಿಗೂ ಸಂಬಳ ಕೊಡುವ ಉದ್ದೇಶವಿತ್ತು. ಹಾಗಾದರೆ ಶಾಸನಸಭೆಗಳ ಕೈಯಲ್ಲಿದ್ದ ಏಕೈಕ ಲಗಾಮು ಕಳಚಿಹೋಗುತ್ತಿತ್ತು.

ಬಹಿಷ್ಕಾರ ಈ ಬಾರಿ ಮನೆಮನೆಗೆ ಹರಡಿತು. ಹೆಂಗಸರು ಊರಿನ ಪಾದ್ರಿಯ ಮನೆಯಲ್ಲಿ ರಾಟೆಗಳೊಂದಿಗೆ ಸೇರಿ ದಿನವಿಡೀ ನೂಲು ತೆಗೆದರು, ಇಂಗ್ಲೆಂಡಿನ ಬಟ್ಟೆಯ ಬದಲು ಮನೆಯಲ್ಲೇ ನೇಯ್ದ ಒರಟು ಬಟ್ಟೆ ಉಡುವುದು ಗೌರವದ ವಿಷಯವಾಯಿತು. ರಾಟೆಯ ರಾಜಕೀಯ ಅರ್ಥವನ್ನು ವಿವರಿಸಿ ಹೇಳುವ ಅಗತ್ಯ ಭಾರತೀಯ ಓದುಗರಿಗಿಲ್ಲ. ಮತದಾನದ ಹಕ್ಕಿಲ್ಲದ ಹೆಂಗಸರು ರಾಜಕಾರಣದ ನಡುವೆ ಬಂದು ನಿಂತದ್ದು ಹೀಗೆ.

ಬಾಸ್ಟನ್ ಹತ್ಯಾಕಾಂಡಕ್ಕೂ ತೆರಿಗೆಗೂ ಏನು ಸಂಬಂಧ?

ಸುಂಕ ವಸೂಲಿಯ ಮಂಡಳಿ ಬಾಸ್ಟನ್ನಿನಲ್ಲಿತ್ತು. 1768ರಲ್ಲಿ ಅಲ್ಲಿನ ವರ್ತಕ ಜಾನ್ ಹ್ಯಾನ್‌ಕಾಕ್‌ನ ‘ಲಿಬರ್ಟಿ’ ಹಡಗನ್ನು ಜಪ್ತಿ ಮಾಡಿದಾಗ ಗಲಭೆಯಾಗಿ ಅಧಿಕಾರಿಗಳು ಊರು ಬಿಟ್ಟು ಓಡಬೇಕಾಯಿತು. ಅವರ ರಕ್ಷಣೆಗೆಂದು ಅಕ್ಟೋಬರಿನಲ್ಲಿ ಸೈನ್ಯ ಬಂದಿಳಿಯಿತು. 1770ರ ಮಾರ್ಚ್ 5ರ ರಾತ್ರಿ ಸುಂಕದ ಕಚೇರಿಯ ಮುಂದೆ ಸೈನಿಕರು ಹಾರಿಸಿದ ಗುಂಡಿಗೆ ಆಫ್ರಿಕನ್ ಮೂಲದ ನಾವಿಕ ಕ್ರಿಸ್ಪಸ್ ಆಟಕ್ಸ್ ಸೇರಿ ಐವರು ಬಲಿಯಾದರು. ವಿಚಿತ್ರವೆಂದರೆ ಅದೇ ದಿನ ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಟೌನ್‌ಶೆಂಡ್ ಸುಂಕಗಳನ್ನು ರದ್ದುಮಾಡುವ ಪ್ರಸ್ತಾಪ ತಂದಿದ್ದನು. ಚಹಾದ ಮೇಲಿನ 3 ಪೆನ್ಸ್ ಮಾತ್ರ, ಪಾರ್ಲಿಮೆಂಟಿನ ಹಕ್ಕಿನ ಗುರುತಾಗಿ, ಉಳಿಯಿತು.

1773ರ ಕಾಯ್ದೆಯಿಂದ ಚಹಾ ಅಗ್ಗವಾಯಿತು. ಅಗ್ಗದ ಚಹಾವನ್ನು ಸಮುದ್ರಕ್ಕೆ ಎಸೆದದ್ದೇಕೆ?

ಈಸ್ಟ್ ಇಂಡಿಯಾ ಕಂಪನಿ ಆಗ ದಿವಾಳಿಯ ಅಂಚಿನಲ್ಲಿತ್ತು. ಲಂಡನ್ನಿನ ಗೋದಾಮುಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡ್ ತೂಕದ ಚಹಾ ಮಾರಾಟವಾಗದೆ ಬಿದ್ದಿತ್ತು. ಬ್ರಿಟನ್ನಿನಲ್ಲಿ ಕಟ್ಟಿದ ಸುಂಕವನ್ನು ಮರಳಿಸಿ, ತಾನೇ ನೇಮಿಸಿದ ವರ್ತಕರ ಮೂಲಕ ಅಮೆರಿಕದಲ್ಲಿ ನೇರವಾಗಿ ಮಾರಲು ಕಂಪನಿಗೆ ಹೊಸ ಕಾಯ್ದೆ ಅನುಮತಿ ಕೊಟ್ಟಿತು. ಕಳ್ಳಸಾಗಣೆಯ ಡಚ್ ಚಹಾಕ್ಕಿಂತಲೂ ಕಡಿಮೆ ಬೆಲೆಗೆ ಅದು ಸಿಗುವಂತಾಯಿತು. ಅಮೆರಿಕದ 3 ಪೆನ್ಸ್ ಸುಂಕವನ್ನು ಇದೇ ಸಮಯದಲ್ಲಿ ಬಿಟ್ಟುಬಿಡಿ ಎಂದು ಪಾರ್ಲಿಮೆಂಟಿನಲ್ಲಿಯೇ ಕೆಲವರು ಸಲಹೆ ಮಾಡಿದರು, ನಾರ್ತ್ ಒಪ್ಪಲಿಲ್ಲ. ಹೀಗಾಗಿ ಆ ಚಹಾ ಕೊಂಡವನು ಕಡಿಮೆ ಬೆಲೆಯ ಜೊತೆಗೆ ಪಾರ್ಲಿಮೆಂಟಿನ ತೆರಿಗೆಯ ಹಕ್ಕನ್ನೂ ಒಪ್ಪಿಕೊಂಡಂತಾಗುತ್ತಿತ್ತು. ಸ್ಥಳೀಯ ವರ್ತಕರಿಗೂ ಕಳ್ಳಸಾಗಣೆದಾರರಿಗೂ ವ್ಯಾಪಾರ ಕೈತಪ್ಪುವ ಭಯವಿತ್ತು ಎಂಬುದನ್ನೂ ಮರೆಯಬಾರದು. ಒಂದು ಕಂಪನಿಗೆ ಇಂದು ಚಹಾದ ಏಕಸ್ವಾಮ್ಯ ಕೊಟ್ಟವರು ನಾಳೆ ಉಳಿದ ಸರಕುಗಳಿಗೂ ಕೊಡಬಹುದು ಎಂಬ ಅನುಮಾನ ಸಾಮಾನ್ಯರಲ್ಲಿಯೂ ಹುಟ್ಟಿತು.

ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕಿಗೆ ಹೊರಟ ಚಹಾದ ಹಡಗುಗಳನ್ನು ಹಿಂದಕ್ಕೆ ಕಳುಹಿಸಲಾಯಿತು. ಚಾರ್ಲ್ಸ್‌ಟನ್ನಿನಲ್ಲಿ ಚಹಾವನ್ನು ಇಳಿಸಿ ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಬಾಸ್ಟನ್ನಿನಲ್ಲಿ ಹಚಿನ್ಸನ್ ಈಗ ಗವರ್ನರನಾಗಿದ್ದನು, ಅವನ ಇಬ್ಬರು ಮಕ್ಕಳು ಚಹಾದ ವರ್ತಕರ ಪಟ್ಟಿಯಲ್ಲಿದ್ದರು, ಸುಂಕ ಕಟ್ಟದೆ ಹಡಗು ಮರಳಲು ಅವನು ಅನುಮತಿ ಕೊಡಲಿಲ್ಲ. ಸುಂಕ ಕಟ್ಟಲು ಇದ್ದ ಇಪ್ಪತ್ತು ದಿನಗಳ ಗಡುವು ಮುಗಿಯುವ ಹಿಂದಿನ ರಾತ್ರಿ, 1773ರ ಡಿಸೆಂಬರ್ 16ರಂದು, ಅಮೆರಿಕದ ಮೂಲನಿವಾಸಿಗಳಾದ ಮೊಹಾಕ್ ಜನರಂತೆ ವೇಷ ಹಾಕಿದ ಗುಂಪು ಡಾರ್ಟ್‌ಮತ್, ಎಲಿನರ್, ಬೀವರ್ ಎಂಬ ಮೂರು ಹಡಗುಗಳನ್ನೇರಿ 342 ಪೆಟ್ಟಿಗೆಗಳನ್ನು ಒಡೆದು ಚಹಾವನ್ನು ನೀರಿಗೆ ಸುರಿಯಿತು. ಅದರ ಬೆಲೆ 9,659 ಪೌಂಡ್. ಭಾರತದ ಕಂಪನಿಯ ಹೆಸರಿನಿಂದಾಗಿ ಅದು ಭಾರತದ ಚಹಾವೆಂದು ಭಾವಿಸುವವರಿದ್ದಾರೆ. ಅದು ಚೀನಾದ ಚಹಾ.

ಈ ಕಥೆಗೆ ಮೈಸೂರಿನ ನಂಟು ಇದೆಯೆ?

ಇದೆ, ಆದರೆ ಅದನ್ನು ಹಿಗ್ಗಿಸಿ ಹೇಳಬಾರದು. 1769ರಲ್ಲಿ ಹೈದರ್ ಅಲಿ ಮದ್ರಾಸಿನ ಹೊರವಲಯದವರೆಗೆ ನುಗ್ಗಿ ಕಂಪನಿಯನ್ನು ಒಪ್ಪಂದಕ್ಕೆ ಮಣಿಸಿದನು. ಅವನ ಮುನ್ನಡೆಯ ಸುದ್ದಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರುಗಳು ಕುಸಿದವು. ಅದರ ಬೆನ್ನಿಗೆ ಬಂಗಾಳದ ಭೀಕರ ಕ್ಷಾಮ, 1772ರ ಸಾಲದ ಬಿಕ್ಕಟ್ಟು, ಮಾರಾಟವಾಗದ ಚಹಾ ಸೇರಿದವು. ಕಂಪನಿಯನ್ನು ಮುಳುಗದಂತೆ ಹಿಡಿಯಲು ಮಾಡಿದ ಏರ್ಪಾಟುಗಳಲ್ಲಿ ಚಹಾ ಕಾಯ್ದೆ ಒಂದು. ಬಂಗಾಳದಲ್ಲಿ ಕಂಪನಿ ನಡೆಸಿದ ಸುಲಿಗೆಯ ಸುದ್ದಿ ಅಮೆರಿಕಕ್ಕೂ ತಲುಪಿತ್ತು, ಡಿಕಿನ್ಸನ್ ಅದನ್ನು ಎಚ್ಚರಿಕೆಯಾಗಿ ಎತ್ತಿ ತೋರಿಸಿದನು. ಮುಂದೆ 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರ್ ಅಲಿಯ ಹೆಸರಿಟ್ಟರು. 1781ರಲ್ಲಿ ಅಮೆರಿಕನ್ನರ ಎದುರು ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದನು.

ಬಾಸ್ಟನ್ನಿನ ಜಗಳ ಎಲ್ಲ ವಸಾಹತುಗಳ ಜಗಳವಾದದ್ದು ಹೇಗೆ?

ಶಿಕ್ಷೆಯ ಮೂಲಕ. 1774ರಲ್ಲಿ ಪಾರ್ಲಿಮೆಂಟು ಚಹಾದ ನಷ್ಟ ತುಂಬಿಕೊಡುವವರೆಗೆ ಬಾಸ್ಟನ್ ರೇವನ್ನು ಮುಚ್ಚಿತು, ಬಾಸ್ಟನ್ ಇದ್ದ ಮ್ಯಾಸಚೂಸೆಟ್ಸ್ ವಸಾಹತಿನ ಸನ್ನದನ್ನು ಬದಲಿಸಿ ಚುನಾಯಿತ ಮಂಡಳಿಯ ಬದಲು ದೊರೆ ನೇಮಿಸುವ ಮಂಡಳಿ ತಂದಿತು, ಊರಸಭೆಗಳಿಗೆ ಅಂಕೆ ಹಾಕಿತು, ಅಧಿಕಾರಿಗಳ ಮೇಲಿನ ಮೊಕದ್ದಮೆಯನ್ನು ಬೇರೆಡೆಗೆ ಒಯ್ಯಲು ಅವಕಾಶ ಕೊಟ್ಟಿತು. ತಪ್ಪು ಮಾಡಿದವರು ನೂರೈವತ್ತು ಮಂದಿಯಿರಬಹುದು. ದುಡಿದು ತಿನ್ನುವ ಇಡೀ ಊರು ಉಪವಾಸ ಬಿತ್ತು. ಚಹಾ ನಾಶವನ್ನು ಒಪ್ಪದಿದ್ದವರಿಗೂ ಇದು ಅನ್ಯಾಯವೆನಿಸಿತು. ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಗಳು ಬಂದವು. ರೇವು ಮುಚ್ಚುವ ದಿನವನ್ನು ಉಪವಾಸದ ದಿನವಾಗಿ ಆಚರಿಸಲು ವರ್ಜೀನಿಯಾದ ಸಭೆ ಕರೆಕೊಟ್ಟಾಗ ಗವರ್ನರ್ ಸಭೆಯನ್ನೇ ವಿಸರ್ಜಿಸಿದನು. ಸದಸ್ಯರು ಹತ್ತಿರದ ಹೋಟೆಲೊಂದರಲ್ಲಿ ಸೇರಿ ಚರ್ಚೆ ಮುಂದುವರಿಸಿದರು.

ಸೆಪ್ಟೆಂಬರಿನಲ್ಲಿ ಜಾರ್ಜಿಯಾ ಬಿಟ್ಟು ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ‘ಕಾಂಗ್ರೆಸ್ಸು’ ಎಂಬ ಸಭೆಯಾಗಿ ಸೇರಿದರು. ಡಿಸೆಂಬರ್ 1ರಿಂದ ಬ್ರಿಟಿಷ್ ಸರಕಿನ ಆಮದು ನಿಲ್ಲಿಸುವ ಒಪ್ಪಂದವಾಯಿತು. ಅದನ್ನು ನೋಡಿಕೊಳ್ಳಲು ಪ್ರತಿ ಊರಿನಲ್ಲೂ ಮತದಾರರು ಸಮಿತಿ ಆರಿಸಬೇಕು, ಒಪ್ಪಂದ ಮುರಿದವರ ಹೆಸರನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು ಎಂದು ನಿರ್ಧಾರವಾಯಿತು. ಪ್ರತಿಭಟನೆ ಸ್ವಾತಂತ್ರ್ಯದ ಕಡೆಗೆ ಹೊರಳಿದ ಘಟ್ಟ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಈ ಸಮಿತಿಗಳನ್ನು. ಅಂಗಡಿಯ ಲೆಕ್ಕ ನೋಡಲು ಹುಟ್ಟಿದ ಸಮಿತಿ ಬರಬರುತ್ತ ಬೆಲೆ ಹಿಡಿದಿಟ್ಟಿತು, ವ್ಯಾಜ್ಯ ತೀರಿಸಿತು, ಸ್ಥಳೀಯ ಸೇನೆಗೆ ಆಳು ಕೂಡಿಸಿತು. ದೊರೆಯ ಗವರ್ನರ್ ತನ್ನ ಬಂಗಲೆಯಲ್ಲಿ ಕುಳಿತಿದ್ದಂತೆಯೇ ಜನ ತಮ್ಮ ಕೆಲಸಕ್ಕೆ ಸಮಿತಿಯ ಬಾಗಿಲಿಗೆ ಹೋಗತೊಡಗಿದರು. ಹಾಗೆ ನೋಡಿದರೆ ಸ್ವಾತಂತ್ರ್ಯವನ್ನು ಕಾಗದದ ಮೇಲೆ ಬರೆಯುವ ಮೊದಲೇ ಅದರ ಆಡಳಿತ ನಡೆಯುತ್ತಿತ್ತು. ಆದರೆ ಈ ಸಮಿತಿಗಳು ಭಿನ್ನಮತದವರನ್ನು ಅವಮಾನಿಸಿ ಹಿಂಸಿಸಿದ್ದೂ ಉಂಟು.

ಸ್ವಾತಂತ್ರ್ಯವೇ ಬೇಕೆಂದು ಅವರು ನಿರ್ಧರಿಸಿದ್ದು ಯಾವಾಗ?

ತುಂಬಾ ತಡವಾಗಿ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾನ್‌ಕಾರ್ಡ್‌ನಲ್ಲಿ ಬ್ರಿಟಿಷ್ ಸೈನ್ಯಕ್ಕೂ ವಸಾಹತಿಗರಿಗೂ ಕಾಳಗ ನಡೆದು ರಕ್ತ ಹರಿದ ನಂತರವೂ, ಜುಲೈನಲ್ಲಿ ಕಾಂಗ್ರೆಸ್ಸು ಸಂಧಾನ ಕೋರಿ ದೊರೆಗೆ ಮನವಿ ಕಳುಹಿಸಿತು. ತಪ್ಪೆಲ್ಲ ಪಾರ್ಲಿಮೆಂಟಿನದು, ದೊರೆ ತಂದೆಯಂತೆ ಕೈಹಿಡಿಯುತ್ತಾನೆ ಎಂಬ ನಂಬಿಕೆ ಇನ್ನೂ ಉಳಿದಿತ್ತು. ಆಗಸ್ಟ್ 23ರಂದು ದೊರೆ ವಸಾಹತುಗಳು ದಂಗೆಯೆದ್ದಿವೆ ಎಂದು ಘೋಷಿಸಿದನು. ವರ್ಷದ ಕೊನೆಗೆ ಪಾರ್ಲಿಮೆಂಟು ಅವುಗಳ ವ್ಯಾಪಾರವನ್ನೆಲ್ಲ ನಿಷೇಧಿಸಿ ಹಡಗುಗಳನ್ನು ಶತ್ರುವಿನ ಹಡಗುಗಳಂತೆ ಹಿಡಿಯಲು ಅಪ್ಪಣೆ ಕೊಟ್ಟಿತು. 1776ರ ಜನವರಿಯಲ್ಲಿ ಥಾಮಸ್ ಪೇನ್‌ನ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆ, ತೆರಿಗೆಯ ಪ್ರಶ್ನೆಯನ್ನು ದಾಟಿ, ದೊರೆತನವನ್ನೇ ಪ್ರಶ್ನಿಸಿತು. ಜುಲೈ 2ರಂದು ಹನ್ನೆರಡು ವಸಾಹತುಗಳು ಸ್ವಾತಂತ್ರ್ಯಕ್ಕೆ ಮತ ಹಾಕಿದವು, ನ್ಯೂಯಾರ್ಕ್ ತಟಸ್ಥವಾಗಿತ್ತು. ಘೋಷಣೆಯ ಪಾಠ ಜುಲೈ 4ರಂದು ಅಂಗೀಕಾರವಾಯಿತು.

ಎಲ್ಲರೂ ಒಂದೇ ದನಿಯಲ್ಲಿದ್ದರೆ?

ಇಲ್ಲ. ದೊರೆಯ ಪಕ್ಷದಲ್ಲಿ ಉಳಿದವರು ಗಣನೀಯ ಸಂಖ್ಯೆಯಲ್ಲಿದ್ದರು, ಯುದ್ಧದ ನಂತರ ಹತ್ತಾರು ಸಾವಿರ ಮಂದಿ ಕೆನಡಾಕ್ಕೂ ಬ್ರಿಟನ್ನಿಗೂ ವಲಸೆ ಹೋದರು. ಬ್ರಿಟನ್ನಿನ ಕೆರಿಬಿಯನ್ ದ್ವೀಪಗಳು ಅದೇ ಸ್ಟ್ಯಾಂಪ್ ಕಾಯ್ದೆಯ ಕೆಳಗಿದ್ದರೂ ಸ್ವಾತಂತ್ರ್ಯದ ದಂಗೆಗೆ ಸೇರಲಿಲ್ಲ. ಹದಿಮೂರು ವಸಾಹತುಗಳ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಗುಲಾಮರಾಗಿದ್ದ ಆಫ್ರಿಕನ್ ಮೂಲದವರು. ತಮ್ಮ ಒಪ್ಪಿಗೆಯಿಲ್ಲದೆ ಮೂರು ಪೆನ್ಸ್ ಕೀಳುವುದೇ ಗುಲಾಮಗಿರಿ ಎಂದು ಬರೆದ ಅನೇಕರು ಇವರ ಒಡೆಯರಾಗಿದ್ದರು. 1775ರ ನವೆಂಬರಿನಲ್ಲಿ ವರ್ಜೀನಿಯಾದ ಗವರ್ನರ್ ಡನ್‌ಮೋರ್, ಬಂಡಾಯಗಾರರ ಗುಲಾಮರು ದೊರೆಯ ಸೈನ್ಯ ಸೇರಿದರೆ ಬಿಡುಗಡೆ ಎಂದಾಗ ನೂರಾರು ಮಂದಿ ಅವನ ಕಡೆಗೆ ಓಡಿದರು. ಅವರ ಪಾಲಿಗೆ ಸ್ವಾತಂತ್ರ್ಯ ಬ್ರಿಟಿಷ್ ಪಾಳೆಯದಲ್ಲಿತ್ತು.

ಬ್ರಿಟನ್ ತೆರಿಗೆಯ ಹಕ್ಕನ್ನು ಎಂದಾದರೂ ಬಿಟ್ಟುಕೊಟ್ಟಿತೆ?

ಬಿಟ್ಟುಕೊಟ್ಟಿತು, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. 1777ರ ಅಕ್ಟೋಬರಿನಲ್ಲಿ ಸಾರಟೋಗಾದಲ್ಲಿ ಬ್ರಿಟಿಷ್ ಸೈನ್ಯವೊಂದು ಶರಣಾದ ಬಳಿಕ, 1778ರಲ್ಲಿ ಅದೇ ಲಾರ್ಡ್ ನಾರ್ತ್ ಚಹಾದ ಸುಂಕವನ್ನು ರದ್ದುಮಾಡಿ, ಇನ್ನು ಮುಂದೆ ಆದಾಯಕ್ಕಾಗಿ ವಸಾಹತುಗಳ ಮೇಲೆ ಪಾರ್ಲಿಮೆಂಟು ತೆರಿಗೆ ಹಾಕುವುದಿಲ್ಲ, ವ್ಯಾಪಾರ ಕ್ರಮಪಡಿಸಲು ಹಾಕಿದ ಸುಂಕದ ಹಣವೂ ಆಯಾ ವಸಾಹತಿಗೇ ಸಲ್ಲುತ್ತದೆ ಎಂಬ ಕಾಯ್ದೆಯನ್ನು ತಂದನು. ಹತ್ತು ವರ್ಷಗಳ ಹಿಂದೆ ಡಿಕಿನ್ಸನ್ ಕೇಳಿದ್ದಕ್ಕಿಂತ ಇದು ಕಡಿಮೆಯೇನೂ ಇರಲಿಲ್ಲ. ಕಾರ್ಲೈಲ್ ಪ್ರಭುವಿನ ನೇತೃತ್ವದ ನಿಯೋಗ ಈ ಕಾಯ್ದೆಯನ್ನು ಹೊತ್ತು ಅಮೆರಿಕಕ್ಕೆ ಬರುವ ವೇಳೆಗೆ ಫ್ರಾನ್ಸಿನೊಂದಿಗಿನ ಮೈತ್ರಿಗೆ ಕಾಂಗ್ರೆಸ್ಸು ಒಪ್ಪಿಗೆ ಕೊಟ್ಟಾಗಿತ್ತು. ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಿ ಇಲ್ಲವೆ ಸೈನ್ಯವನ್ನು ಹಿಂದಕ್ಕೆ ಕರೆಸಿ, ಆಮೇಲೆ ಮಾತು ಎಂದು ಅದು ಉತ್ತರಿಸಿತು; ಆ ನಿಯೋಗ ಬರಿಗೈಯಲ್ಲಿ ಲಂಡನ್ನಿಗೆ ಮರಳಿತು.